ಬಾಕಿ ಉಳಿದದ್ದು ಮೇಲಿನ ಸಾಲಿಗೆ

ಫೆಬ್ರವರಿ 9, ಸೋಮವಾರ. ಊಟದ ಬಿಡುವು

ಮತ್ತೆ ಅದೇ. ಬಟನ್ ಒತ್ತಿದರೆ ನಾಳೆಯ ಪಟ್ಟಿ ಬರಬೇಕು, ನಿನ್ನೆಯದು ಬರುತ್ತದೆ. ನಲವತ್ತು ನಿಮಿಷದ ಬಿಡುವಿನಲ್ಲಿ ಮೂವತ್ತು ಇದಕ್ಕೇ ಹೋಯಿತು. ನಿಂತುಕೊಂಡೇ ಬ್ರೆಡ್ ತಿಂದೆ. ಆರು ತಿಂಗಳಿಂದ ಆ್ಯಪ್ ಮಾಡುವುದನ್ನು ವಿಡಿಯೋ ನೋಡಿ ನೋಡಿ ಕಲಿಯುತ್ತಿದ್ದೇನೆ — ಶಾಲೆಯ ಮಕ್ಕಳಿಗೆಂದು ಯಾರೋ ಮಾಡಿದ್ದು. "ಮಕ್ಕಳೇ, ಭಯ ಬೇಡ" ಎಂದೇ ಶುರು ಮಾಡುತ್ತಾನೆ. ನಾನು ನಲವತ್ತೇಳು ವರ್ಷದ ಮಗು. ಭಯ ಇದೆ.

ಮನೆಗೆಲಸ ನೆನಪಿಸುವ ಸಿದ್ಧ ಆ್ಯಪ್‌ಗಳು ಬೇಕಾದಷ್ಟಿವೆ. ಒಂದೂ ನಮ್ಮ ಮನೆಗೆ ಒಗ್ಗಲಿಲ್ಲ. ಇವಳು — ಹೆಂಡತಿ — ಬೆಳಿಗ್ಗೆ ಐದಕ್ಕೆ ಈಜುಕೊಳಕ್ಕೆ, ಮಕ್ಕಳಿಗೆ ಈಜು ಕಲಿಸಲು. ಹತ್ತಕ್ಕೆ ಬಂದು ಮತ್ತೆ ಮೂರಕ್ಕೆ. ನಾನು ಏಳೂವರೆಗೆ ಪ್ರೆಸ್‌ಗೆ. ಮಗಳಿಗೆ ಹದಿಮೂರು, ಅವಳ ವೇಳಾಪಟ್ಟಿ ಅವಳಿಗೂ ಗೊತ್ತಿಲ್ಲ. ಅತ್ತೆ — ಇವಳ ತಾಯಿ — ಬೆಳಿಗ್ಗೆಯೂ ಸಂಜೆಯೂ ಮನೆಯಲ್ಲಿ ಒಬ್ಬರೇ. ಯಾರು ಯಾವಾಗ ಏನು ಮಾಡಬೇಕೆಂಬುದು ಫ್ರಿಡ್ಜಿನ ಮೇಲಿನ ಚೀಟಿಗಳಲ್ಲಿ. ಚೀಟಿ ಉದುರಿದರೆ ಕೆಲಸವೂ ಉದುರುತ್ತದೆ.

ಫೆಬ್ರವರಿ 14, ಶನಿವಾರ

ಬಂತು! ನಾಳೆಯ ಪಟ್ಟಿ ನಾಳೆಗೇ ಬಂತು. ತಪ್ಪು ಎಲ್ಲಿತ್ತು ಎಂದು ಬರೆದಿಡಲೂ ನಾಚಿಕೆ. ಕೂಡುವ ಚಿಹ್ನೆಯ ಜಾಗದಲ್ಲಿ ಕಳೆಯುವ ಚಿಹ್ನೆ.

ಜತೆಗೆ ಬೋರ್ಡಿನ ನಿಯಮವನ್ನೂ ಹಾಕಿದೆ. ಇಪ್ಪತ್ತೆರಡು ವರ್ಷದಿಂದ ಪ್ರೆಸ್‌ನ ಜಾಬ್ ಬೋರ್ಡ್ ಬರೆಯುವವನು ನಾನು. ಯಾವ ಪುಸ್ತಕ ಯಾವ ಮಷೀನಿಗೆ, ಯಾವಾಗ ಬೈಂಡಿಂಗ್‌ಗೆ — ಎಲ್ಲ ಗೋಡೆಯಷ್ಟು ಉದ್ದದ ಬಿಳಿ ಹಲಗೆಯ ಮೇಲೆ. ನಿಯಮ ಒಂದೇ. ಮುಗಿಯದ ಕೆಲಸವನ್ನು ಅಳಿಸುವ ಹಾಗಿಲ್ಲ. ಸಂಜೆ ಅದನ್ನು ಕೆಂಪು ಮಾರ್ಕರಿನಲ್ಲಿ ನಾಳೆಯ ಪಟ್ಟಿಯ ತಲೆಗೆ ಏರಿಸಬೇಕು. ಕೆಂಪು ಮುಗಿಯದೆ ಕಪ್ಪಿಗೆ ಯಾರೂ ಕೈ ಹಾಕುವಂತಿಲ್ಲ, ಯಜಮಾನರೂ ಸೇರಿ. ಈಗ ಆ್ಯಪ್‌ನಲ್ಲೂ ಹಾಗೆಯೇ. ಟಿಕ್ ಆಗದ ಕೆಲಸ ಮಾರನೆಯ ದಿನ ಕೆಂಪಾಗಿ ಮೇಲೆ ಬರುತ್ತದೆ. ಪಕ್ಕದಲ್ಲಿ, "ಬಾಕಿ — 1 ದಿನ". ಮಾಡುವ ತನಕ ಬಿಡುವುದಿಲ್ಲ.

ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಬೇರೆ ಯಾರೂ ತಟ್ಟುವ ಸೂಚನೆ ಇರಲಿಲ್ಲ.

ಫೆಬ್ರವರಿ 21, ಶನಿವಾರ

ನಾಲ್ಕೂ ಫೋನಿಗೆ ಹಾಕಿದ್ದಾಯಿತು. ಇವಳು ನೋಡಿ, "ಚೆನ್ನಾಗಿದೆ, ಆದ್ರೆ ಬಣ್ಣ ಸ್ವಲ್ಪ ಆಸ್ಪತ್ರೆ ಥರ ಇದೆ" ಎಂದಳು. ಮಗಳು ಮೂಗು ಮುರಿದಳು.

ಅತ್ತೆ ಮಾತ್ರ ಕನ್ನಡಕ ಹಾಕಿಕೊಂಡು ಸಾಲು ಸಾಲಾಗಿ ಓದಿದರು. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಸೂಚನೆ ಎಂದರೆ ಸೂಚನೆ. ಅವರ ಪಟ್ಟಿಗೆ ಹಾಕಿದ್ದು: ಮಂಗಳವಾರ ಬೆಳಿಗ್ಗೆ ಎಂಟಕ್ಕೆ ಕೀಲುನೋವಿನ ಮಾತ್ರೆ, ವಾರಕ್ಕೊಂದೇ. ಮಂಗಳವಾರವೇ ಬಾಲ್ಕನಿಯ ಕುಂಡಗಳಿಗೆ ನೀರು. ಇನ್ನೆರಡು ಸಣ್ಣಪುಟ್ಟದ್ದು.

"ಅಳಿಯಂದ್ರೇ, ನಿಮ್ಮ ಈ ಯಂತ್ರ ಹೇಳಿದ್ದನ್ನ ನಾನು ಮಾಡ್ಲಿಲ್ಲ ಅಂದ್ರೆ ಏನ್ಮಾಡುತ್ತೆ?"

"ಕೆಂಪಾಗುತ್ತೆ ಅತ್ತೆ."

"ನಮ್ಮ ಸೂಪರ್‌ವೈಸರೂ ಹಾಗೇ ಇದ್ಲು."

ಮೊದಲ ಮಂಗಳವಾರ ಬರಲಿ ನೋಡೋಣ ಎಂದರು.

ಫೆಬ್ರವರಿ 24, ಮಂಗಳವಾರ

8:02ಕ್ಕೆ ಟಿಕ್. 8:15ಕ್ಕೆ ಕುಂಡಗಳೂ ಟಿಕ್. ಮನೆಯಲ್ಲಿ ಅತ್ತೆಯೊಬ್ಬರೇ ನನ್ನ ಗ್ರಾಹಕರು.

ಮಾರ್ಚ್ 1, ಭಾನುವಾರ

ಮಗಳ ಕಳ್ಳತನ ಸಿಕ್ಕಿತು. ಎಲ್ಲವೂ ಟಿಕ್. ಕೋಣೆ ಗುಡಿಸಿದ್ದು ಟಿಕ್, ಗಣಿತ ಟಿಕ್, ಬಟ್ಟೆ ಮಡಚಿದ್ದು ಟಿಕ್. ಹೋಗಿ ನೋಡಿದರೆ ಬಟ್ಟೆಯ ಗುಡ್ಡದ ಮೇಲೆ ಮಲಗಿಕೊಂಡು ಫೋನ್ ನೋಡುತ್ತಿದ್ದಾಳೆ. "ಬೆರಳು ತಾಗಿ ಟಿಕ್ ಆಯ್ತು ಅಪ್ಪ" ಎಂದಳು, ಮುಖದ ಮೇಲೆ ಒಂದು ಗೆರೆ ಅಲುಗದೆ.

ಸರಿ. ಬದಲಾಯಿಸಿದೆ. ಇನ್ನು ಮುಟ್ಟಿದರೆ ಟಿಕ್ ಆಗುವುದಿಲ್ಲ. ಬೆರಳನ್ನು ಮೂರು ಸೆಕೆಂಡ್ ಅಲುಗಿಸದೆ ಒತ್ತಿ ಹಿಡಿಯಬೇಕು. ಸುಳ್ಳು ಹೇಳಬೇಕೆಂದರೂ ಮೂರು ಸೆಕೆಂಡ್ ಯೋಚಿಸಿ ಹೇಳಲಿ. ನಾಲ್ಕೂ ಫೋನಿಗೆ ಹೊಸದನ್ನು ಹಾಕಿ ಊಟದ ಮೇಜಿನಲ್ಲಿ ಸಾರಿದೆ. ಯಾರೂ ತಟ್ಟೆಯಿಂದ ತಲೆ ಎತ್ತಲಿಲ್ಲ.

ಮಾರ್ಚ್ 5, ಗುರುವಾರ. ಸಂಜೆ

ಪ್ರೆಸ್‌ನಲ್ಲಿ ತಲೆ ಚಿಟ್ಟು ಹಿಡಿಯಿತು. ಶಾಲಾ ಪುಸ್ತಕದ ಅಚ್ಚಾದ ನಾಲ್ಕು ಫಾರಂ ಹಾಳೆಗಳು ಉಲ್ಟಾ ಮಡಚಿ ಬಂದಿವೆ, ಎಂಟು ಸಾವಿರ ಪ್ರತಿ. ಮಷೀನಿನವನು ಬೈಂಡರನ್ನು ಬೈಯುತ್ತಾನೆ, ಬೈಂಡರ್ ಮಷೀನಿನವನನ್ನು. ಇಬ್ಬರೂ ಸೇರಿ ನನ್ನನ್ನು.

ಆ ಗಲಾಟೆಯ ಮಧ್ಯೆ ಅತ್ತೆಯ ಫೋನ್. "ಅಳಿಯಂದ್ರೇ, ಇದು ಇವತ್ತೂ ಕೆಂಪಾಗೇ ಇದೆಯಲ್ಲ. ಮಾಡಿದ್ದನ್ನೇ ಮತ್ತೆ ಮಾಡ್ಬೇಕಾ?"

"ಕೆಂಪಾಗಿದ್ರೆ ಮಾಡ್ಬೇಕು ಅತ್ತೆ. ಕೆಂಪು ಅಂದ್ರೆ ಬಾಕಿ. ಆಮೇಲೆ ಮಾತಾಡ್ತೀನಿ" ಎಂದು ಇಟ್ಟೆ. ಆಮೇಲೆ ಮಾತಾಡಲಿಲ್ಲ. ಎಕ್ಸ್‌ಚೇಂಜಿನವರಿಗೆ ಎರಡೇ ವಾಕ್ಯ ಸಾಕು ಎಂದು ನಗು ಬಂತು.

ಮಾರ್ಚ್ 7, ಶನಿವಾರ

ಕೆಳಗಿನ ಮನೆಯವರು ಬಂದು ಜಗಳ. ನಮ್ಮ ಬಾಲ್ಕನಿಯಿಂದ ಅವರ ಒಣಗಿದ ಬಟ್ಟೆಯ ಮೇಲೆ ನೀರು. ಹೋಗಿ ನೋಡಿದೆ, ಕುಂಡಗಳೆಲ್ಲ ತುಳುಕುತ್ತಿವೆ. ಇವಳು ಅಮ್ಮನನ್ನು ಗದರಿದಳು. ಅತ್ತೆ, "ನಾನೇನು ನನ್ನಿಷ್ಟಕ್ಕೆ ಹಾಕಿದ್ನಾ" ಎಂದು ಗೊಣಗಿ ಒಳಗೆ ಹೋದರು. ಇತ್ತೀಚೆಗೆ ಸಿಡುಕು ಜಾಸ್ತಿ.

ಮಾರ್ಚ್ 9, ಸೋಮವಾರ

ಅತ್ತೆಗೆ ಬಾಯಿಹುಣ್ಣು. ಎರಡು ದಿನದಿಂದ ಬರೀ ಹಾಲು. ಹೊಸ ಟೂತ್‌ಪೇಸ್ಟಿನದ್ದಿರಬೇಕು ಎಂದಳು ಇವಳು. ಹಲ್ಲಿನ ಡಾಕ್ಟರ ಬಳಿ ಗುರುವಾರ ನಾಲ್ಕಕ್ಕೆ. ಅವರ ಪಟ್ಟಿಗೆ ಸೇರಿಸಿದೆ.

ಮಾರ್ಚ್ 12, ಗುರುವಾರ. ಆಸ್ಪತ್ರೆ, ಬೆಳಿಗ್ಗೆ 11

ಆದದ್ದನ್ನು ಆದ ಹಾಗೆ ಬರೆದಿಡುತ್ತೇನೆ.

ನಿನ್ನೆ ಮಧ್ಯಾಹ್ನ ಜ್ವರ. ಬಾಯಲ್ಲಿ ರಕ್ತ. ಮಗಳು ಶಾಲೆಯಿಂದ ಬಂದಾಗ ಅತ್ತೆ ಬಚ್ಚಲಿನ ಬಾಗಿಲಲ್ಲಿ ಕುಸಿದು ಕೂತಿದ್ದರು. ಇವಳು ಒದ್ದೆ ಕೂದಲಲ್ಲೇ ಕೊಳದಿಂದ ಓಡಿಬಂದಳು.

ಇವತ್ತು ಡಾಕ್ಟರ್ ಕರೆದರು. ಚಿಕ್ಕ ವಯಸ್ಸಿನ ಹೆಂಗಸು, ಮೆಲ್ಲಗೆ ಮಾತಾಡುತ್ತಾರೆ. "ಈ ಮಾತ್ರೆ ವಾರಕ್ಕೊಂದು ತಗೊಳ್ಳೋದು. ದಿನಾ ತಗೊಂಡ್ರೆ ವಿಷ. ರಕ್ತದ ಕಣಗಳು ತುಂಬಾ ಕೆಳಗೆ ಬಂದಿವೆ. ಎಷ್ಟು ತಗೊಂಡಿದ್ದಾರೆ?" ಇವಳು ಮನೆಯಿಂದ ತಂದ ಪೆಟ್ಟಿಗೆ ಬಿಚ್ಚಿದಳು. ಹೋದ ವಾರದ ಮಂಗಳವಾರ, ಮೂರನೇ ತಾರೀಕು, ಒಡೆದ ಪೆಟ್ಟಿಗೆ. ಹತ್ತು ಮಾತ್ರೆಯ ಒಂದು ಹಾಳೆ ಪೂರ್ತಿ ಖಾಲಿ, ಎರಡನೆಯದರಲ್ಲಿ ಒಂದಿಲ್ಲ. ಹನ್ನೊಂದು.

"ಒಂಬತ್ತು ದಿನಕ್ಕೆ ಹನ್ನೊಂದಾ?" ಎಂದರು ಡಾಕ್ಟರ್. "ಲೆಕ್ಕವೇ ಇಲ್ಲದೆ ತಗೊಂಡಿದ್ದಾರೆ."

ಲೆಕ್ಕ ಇದೆ. ಅತ್ತೆಯ ಫೋನ್ ನನ್ನ ಜೇಬಿನಲ್ಲಿತ್ತು. ಕಾರಿಡಾರಿಗೆ ಬಂದು ತೆರೆದೆ. ಮಾತ್ರೆಯದೇ ಎರಡು ಕೆಂಪು ಸಾಲು, ಅವುಗಳ ಕೆಳಗೆ ಕುಂಡಗಳದ್ದು. ಕೀಲುನೋವಿನ ಮಾತ್ರೆ, ಬಾಕಿ — 9 ದಿನ. ಕೀಲುನೋವಿನ ಮಾತ್ರೆ, ಬಾಕಿ — 2 ದಿನ. ಮೂರರಿಂದ ಒಂಬತ್ತರ ತನಕ ದಿನಕ್ಕೊಂದು, ಏಳು. ಹತ್ತನೇ ತಾರೀಕು ಮತ್ತೆ ಮಂಗಳವಾರ, ಹೊಸ ಸಾಲು ಸೇರಿತು, ದಿನಕ್ಕೆರಡು. ಹತ್ತು, ಹನ್ನೊಂದು, ಎರಡು ದಿನಕ್ಕೆ ನಾಲ್ಕು. ಒಟ್ಟು ಹನ್ನೊಂದು. ಅತ್ತೆ ಒಂದೂ ತಪ್ಪಿಸಿಲ್ಲ. ಆ್ಯಪ್ ಕೇಳಿದಷ್ಟು ಸರಿಯಾಗಿ ನುಂಗಿದ್ದಾರೆ.

ಟಿಕ್ ಯಾಕೆ ಆಗಲಿಲ್ಲ ಎಂಬುದೂ ಗೊತ್ತಾಯಿತು. ಹಾಸಿಗೆಯ ಮೇಲೆ ಅವರ ಕೈ ನೋಡಿದೆ. ಗೆಣ್ಣುಗಳು ಊದಿ, ಬೆರಳು ಪಕ್ಕಕ್ಕೆ ಬಾಗಿ, ಸುಮ್ಮನಿದ್ದರೂ ನಡುಗುವ ಕೈ. ಆ ಬೆರಳನ್ನು ಮೂರು ಸೆಕೆಂಡ್ ಅಲುಗಿಸದೆ ಹಿಡಿ ಎಂದವನು ನಾನು. ದಿನಾ ಕಾಣುವ ಕೈ. ಒಂದು ಸಲವೂ ಹೊಳೆಯಲಿಲ್ಲ.

12:30

ಒಂದು ಕೆಲಸ ಮಾಡಿಬಿಟ್ಟೆ. ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಇತ್ತು. ಕಾರಿಡಾರಿನ ಬೆಂಚಿನ ಮೇಲೆ ಕೂತು ತಿದ್ದಿದೆ. ಮಾತ್ರೆಯಾಗಲಿ ಕುಂಡವಾಗಲಿ ಇನ್ನು ಮುಂದೆ ಮಾರನೆಯ ದಿನಕ್ಕೆ ಏರುವುದಿಲ್ಲ, ಮುಟ್ಟಿದರೆ ಸಾಕು ಟಿಕ್. ಇನ್ನೊಂದು ನಿಮಿಷ ಅದು ಹಾಗೆ ಇರುವುದು ಸಹಿಸಲಾಗಲಿಲ್ಲ — ಎಂದು ನನಗೆ ನಾನೇ ಹೇಳಿಕೊಂಡೆ. ಹೊಸದು ಕೂತ ಕೂಡಲೇ ಕೆಂಪು ಸಾಲುಗಳು ಮಾಯ. ಹಳೆಯ ದಾಖಲೆ ಇಡುವ ಭಾಗವನ್ನು ನಾನಿನ್ನೂ ಬರೆದಿರಲಿಲ್ಲ.

ಈಗ ಎಲ್ಲೂ ಏನೂ ಇಲ್ಲ.

ಮಾರ್ಚ್ 13, ಶುಕ್ರವಾರ

ಇವಳು ಅಮ್ಮನ ಫೋನ್ ತೆಗೆದು ನೋಡಿದಳು. ನಾನು ಎದುರಿಗೇ ಇದ್ದೆ.

"ಆ್ಯಪ್ ಸರಿಯಾಗೇ ಇದೆ ಕಣೋ. ಮಂಗಳವಾರ ಮಾತ್ರ ತೋರಿಸ್ತಿದೆ. ಅಮ್ಮಂದೇ ಮರೆವು. ತಗೊಂಡಿದ್ದು ಮರ್ತು ಮತ್ತೆ ತಗೊಂಡಿದ್ದಾಳೆ. ಕುಂಡಕ್ಕೆ ನೀರು ಹಾಕ್ತಿದ್ಳಲ್ಲ ದಿನಾ, ಅದೂ ಇದೇ. ನಮಗೆ ಗೊತ್ತೇ ಆಗ್ಲಿಲ್ಲ ನೋಡು." ಅತ್ತಳು. ನನ್ನ ಭುಜಕ್ಕೆ ಒರಗಿಕೊಂಡೇ ಅತ್ತಳು.

ಬಾಯಿ ತೆರೆದೆ. ಅಷ್ಟರಲ್ಲಿ ನರ್ಸ್ ಕರೆದರು. ನರ್ಸ್ ಕರೆಯದಿದ್ದರೆ ಹೇಳುತ್ತಿದ್ದೆನೇ? ಇಲ್ಲ.

ಮಾರ್ಚ್ 15, ಭಾನುವಾರ

ಮದ್ದು ಕೊಡುತ್ತಿದ್ದಾರೆ. ಕಣಗಳು ಇನ್ನೂ ಏರಿಲ್ಲ. ಸೋಂಕು ತಗುಲಿದರೆ ಕಷ್ಟ ಎಂದರು. ಗಾಜಿನ ಕೋಣೆ. ಮಾಸ್ಕ್ ಹಾಕಿಕೊಂಡು ಒಬ್ಬೊಬ್ಬರೇ ಹೋಗಬೇಕು. ನನ್ನ ಸರದಿ ಬಂದಾಗ ಅತ್ತೆ ಕಣ್ಣು ಮುಚ್ಚಿಯೇ ಏನೋ ಅಂದರು. ಕಿವಿ ಹತ್ತಿರ ಒಯ್ದೆ. "ನಾನು ಕೇಳಿದ್ದೆ... ಕೇಳಿದ್ದೆ..."

"ಜ್ವರದಲ್ಲಿ ಬಡಬಡಿಸ್ತಿದ್ದಾಳೆ, ಬೆಳಿಗ್ಗೆಯಿಂದ ಅದೇ" ಎಂದಳು ಇವಳು, ಗಾಜಿನ ಆಚೆಯಿಂದ.

ಇವರು ಬದುಕಿದರೆ ಹೇಳುತ್ತೇನೆ. ಬರೆದಿಟ್ಟಿದ್ದೇನೆ. ಬದುಕಲಿ.

ಮಾರ್ಚ್ 18, ಬುಧವಾರ

ಏರಿತು. ಡಾಕ್ಟರ್ ಮೊದಲ ಸಲ ನಕ್ಕರು. ಇವಳು ಲಿಫ್ಟಿನಲ್ಲಿ ನನ್ನ ಕೈಯನ್ನು ಮುರಿಯುವಷ್ಟು ಗಟ್ಟಿಯಾಗಿ ಹಿಡಿದಳು.

ಹೇಳಲಿಲ್ಲ. ಇವತ್ತು ಎಲ್ಲರೂ ಸಂತೋಷದಲ್ಲಿದ್ದಾರೆ ಎಂಬ ನೆಪ.

ಮಾರ್ಚ್ 21, ಶನಿವಾರ

ಅತ್ತೆ ಮನೆಗೆ ಬಂದರು. ಅವರಿಗಿಂತ ಮುಂಚೆ ಬಾಮೈದ ಬಂದ, ಇವಳ ತಮ್ಮ, ಎರಡು ಊರಿನಾಚೆ ಟೈರ್ ಶೋರೂಮ್ ಇಟ್ಟವನು. ಎಲ್ಲದಕ್ಕೂ ಅವನಲ್ಲಿ ಒಂದು ಫೈಲ್ ಇರುತ್ತದೆ. ಈ ಸಲದ ಫೈಲಿನಲ್ಲಿ ಮರೆವಿನವರನ್ನು ನೋಡಿಕೊಳ್ಳುವ ಒಂದು ಮನೆಯ ಚಿತ್ರಗಳು. ಹುಲ್ಲುಹಾಸು, ನಗುವ ಮುದುಕರು.

"ಭಾವ, ನೀವಿಬ್ರೂ ಹಗಲಿಡೀ ಮನೇಲಿರಲ್ಲ. ಇವತ್ತು ಮಾತ್ರೆ, ನಾಳೆ ಗ್ಯಾಸು. ಅಲ್ಲಿ ಬಾಗಿಲಿಗೆ ಬೀಗ ಇರುತ್ತೆ, ನರ್ಸ್ ಇರ್ತಾರೆ. ಮುಂದಿನ ಶನಿವಾರ ಸಹಿ ಮಾಡಿದ್ರೆ ಒಂದನೇ ತಾರೀಕು ರೂಮ್ ಕೊಡ್ತಾರೆ. ಅಮ್ಮಂದೂ ಒಂದು ಸಹಿ ಬೇಕು, ಒಪ್ಪಿಗೆ ಅಂತ."

ಬಾಗಿಲಿಗೆ ಬೀಗ. ಅತ್ತೆಗೆ.

ಈಗಾಗಲೇ ಮಾತ್ರೆಯ ಡಬ್ಬಿ ಬೀರುವಿನೊಳಗೆ. ಗ್ಯಾಸ್ ಒಲೆಯ ನಾಬ್ ಕಳಚಿ ಇವಳ ಪರ್ಸಿನಲ್ಲಿ. ಅತ್ತೆಯಿಂದ ಫೋನನ್ನೂ ತೆಗೆದುಕೊಂಡಿದ್ದಾರೆ. ಮಗಳಿಗೆ ಅಜ್ಜಿಯ ಕಾವಲು. ಬಚ್ಚಲಿಗೆ ಹೋದರೂ ಹೊರಗೆ ನಿಂತು "ಅಜ್ಜೀ, ಆಯ್ತಾ?" ಎನ್ನುತ್ತಾಳೆ.

ಮಾರ್ಚ್ 23, ಸೋಮವಾರ. ಬೆಳಿಗ್ಗೆ 6:40

ಅತ್ತೆ ಕೋಣೆಯಲ್ಲಿ ಮೆಲ್ಲಗೆ ಅಂಕಿಗಳನ್ನು ಹೇಳುತ್ತಿದ್ದರು. ಹಳೆಯ ಎಕ್ಸ್‌ಚೇಂಜಿನ ನಂಬರುಗಳು. ಅಗ್ನಿಶಾಮಕ, ರೈಲು ನಿಲ್ದಾಣ, ಹೆರಿಗೆ ಆಸ್ಪತ್ರೆ, ಸಕ್ಕರೆ ವ್ಯಾಪಾರಿ. ಒಂದಾದ ಮೇಲೊಂದು. ರೈಲು ನಿಲ್ದಾಣದಲ್ಲಿ ತಡವರಿಸಿದರು. ಮತ್ತೆ ಮೊದಲಿಂದ. ಮತ್ತೆ ತಡವರಿಸಿದರು. ತಮ್ಮನ್ನು ತಾವೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದಾರೆ ಎಂದು ಆಗ ಅರ್ಥವಾಯಿತು.

ನನ್ನನ್ನು ಕಂಡು ನಿಲ್ಲಿಸಿದರು. "ಅಳಿಯಂದ್ರೇ, ಒಂದು ಕೇಳ್ತೀನಿ. ನಾನು ನಿಮ್ಗೆ ಫೋನ್ ಮಾಡಿ ಕೇಳಿದ್ನಾ? ಕೆಂಪಾಗಿದೆ, ಮತ್ತೆ ಮಾಡ್ಬೇಕಾ ಅಂತ? ಕೇಳಿದ ಹಾಗೆ ನೆನಪು. ಆದ್ರೆ ಇವ್ರೆಲ್ಲ ಹೇಳೋದು ನೋಡಿದ್ರೆ... ನಾನೇ ಕಲ್ಪಿಸ್ಕೊಂಡೆನೇನೋ."

ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದರು. ನನ್ನ ಉತ್ತರ ಏನಿದ್ದರೂ ಅದನ್ನೇ ನಂಬಲು ತಯಾರಾಗಿ.

"ನೆನಪಾಗ್ತಿಲ್ಲ ಅತ್ತೆ" ಎಂದೆ.

ಹೂಂ ಎಂದರು. ಗೋಡೆಯ ಕಡೆ ತಿರುಗಿ ಮಲಗಿದರು. ಬಸ್ಸಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ನನ್ನಂಥ ನೀಚ ಈ ಬಸ್ಸಿನಲ್ಲಿ ಇನ್ನೊಬ್ಬನಿಲ್ಲ.

ಮಾರ್ಚ್ 26, ಗುರುವಾರ

ಅರ್ಧ ದಿನ ರಜೆ ಹಾಕಿದೆ. ಇವಳು ಮೂರಕ್ಕೆ ಕೊಳಕ್ಕೆ ಹೋದ ಮೇಲೆ ಅತ್ತೆಯ ಕೋಣೆಗೆ ಹೋಗಿ ನೆಲದ ಮೇಲೆ ಕೂತೆ. ಕುರ್ಚಿ ಇತ್ತು, ಕೂರಲಾಗಲಿಲ್ಲ.

ಎಲ್ಲ ಹೇಳಿದೆ. ಬೋರ್ಡಿನ ನಿಯಮ, ಮೂರು ಸೆಕೆಂಡ್, ಬೆಂಚಿನ ಮೇಲೆ ತಿದ್ದಿದ್ದು. ಹನ್ನೊಂದು ಹೇಗೆ ಬಂತೆಂದು ಬೆರಳು ಮಡಚಿ ಎಣಿಸಿ ತೋರಿಸಿದೆ. ಈ ಪುಸ್ತಕವನ್ನೂ ಒಯ್ದಿದ್ದೆ. ಐದನೇ ತಾರೀಕಿನ ಪುಟ ತೆಗೆದು ಕೊಟ್ಟೆ. ಕನ್ನಡಕ ಹಾಕಿಕೊಂಡು ಓದಿದರು. ಎರಡು ಸಲ ಓದಿದರು.

"ಕೇಳಿದ್ದೆ" ಎಂದರು. "ನಾನು ಕೇಳಿದ್ದೆ!" ನಕ್ಕರು. ನಗುತ್ತಲೇ ಕಣ್ಣಿಂದ ನೀರು ಸುರಿಯಿತು, ಒರೆಸಿಕೊಳ್ಳಲೂ ಇಲ್ಲ. "ಹಾಗಾದ್ರೆ ನನ್ನ ತಲೆ ನೆಟ್ಟಗಿದೆ."

"ನೆಟ್ಟಗಿದೆ ಅತ್ತೆ."

ಆಮೇಲೆ ಪುಟ ತಿರುವಿದರು. ಹನ್ನೆರಡು. ಹದಿಮೂರು. ಇಪ್ಪತ್ತಮೂರು. ಕಿತ್ತುಕೊಳ್ಳಬೇಕೆನಿಸಿತು, ಕಿತ್ತುಕೊಳ್ಳಲಿಲ್ಲ.

"ಯಂತ್ರ ತಪ್ಪಾಯ್ತು, ಬಿಡು. ನಾನೂ ಎಷ್ಟೋ ಸಲ ತಪ್ಪು ಲೈನ್ ಕೊಟ್ಟಿದ್ದೀನಿ. ಅದನ್ನ ಹೊಟ್ಟೆಗೆ ಹಾಕ್ಕೋತೀನಿ." ನಮ್ಮ ಮನೆಗೆ ಬಂದ ಹನ್ನೆರಡು ವರ್ಷದಲ್ಲಿ ಮೊದಲ ಸಲ ನನ್ನನ್ನು ನೀನು ಎಂದರು. "ಆದ್ರೆ ಹದಿನಾಲ್ಕು ದಿನ. ನನ್ನ ಮಗಳು ನನ್ನನ್ನ ಮಗು ಥರ ಮಾತಾಡಿಸ್ತಿದ್ಳು. ಮೊಮ್ಮಗಳು ಬಚ್ಚಲ ಬಾಗಿಲಲ್ಲಿ ಕಾವಲು ನಿಲ್ತಿದ್ಳು. ಸೋಮವಾರ ನಿನ್ನನ್ನೇ ಕೇಳಿದೆ. ನೆನಪಿಲ್ಲ ಅಂದೆ ನೀನು. ಆ ದಿನದಿಂದ ನಾನು ನನ್ನನ್ನೇ ನಂಬೋದು ಬಿಟ್ಟಿದ್ದೆ ಕಣೋ."

ತಪ್ಪಾಯ್ತು ಎಂದೆ. ಆ ಮಾತಿಗೆ ಅರ್ಥವೇ ಇರಲಿಲ್ಲ.

"ನನ್ನ ಹತ್ರ ಹೇಳಿದ್ದು ಸಾಲದು. ಅವ್ರ ಹತ್ರ ನಾನು ಹೇಳಲ್ಲ. ನಾನು ಹೇಳಿದ್ರೆ ಅದೂ ಮರೆವಿನ ಮಾತೇ ಆಗುತ್ತೆ. ನೀನು ಹೇಳ್ತೀಯೋ, ಹೇಳು. ಇಲ್ವೋ, ಶನಿವಾರ ನಾನು ಸಹಿ ಹಾಕಿ ಹೊರಡ್ತೀನಿ. ನನ್ನ ಮಾತಿಗೆ ಬೆಲೆ ಇಲ್ಲದ ಮನೇಲಿ ಇರೋದಕ್ಕಿಂತ ಬೀಗ ಹಾಕಿದ ಮನೆ ವಾಸಿ."

ಪುಸ್ತಕವನ್ನು ಮಡಚಿ ನನ್ನ ಕೈಗೆ ಕೊಟ್ಟರು.

ಮಾರ್ಚ್ 27, ಶುಕ್ರವಾರ

ಕೊಳಕ್ಕೇ ಹೋದೆ. ಮನೆಯಲ್ಲಿ ಧೈರ್ಯ ಸಾಲುವುದಿಲ್ಲ ಎಂದು. ಇವಳು ಕತ್ತಿಗೆ ಸೀಟಿ ಹಾಕಿಕೊಂಡು, ಪುಟ್ಟ ಮಕ್ಕಳನ್ನು ಅಂಚು ಹಿಡಿಸಿ ಕಾಲು ಬಡಿಸುತ್ತಿದ್ದಳು. ಕ್ಲೋರಿನ್ ವಾಸನೆ, ಕಿರುಚಾಟ. ಬಿಡುವಿನಲ್ಲಿ ಬಂದು ಪಕ್ಕ ಕೂತಳು.

"ಅಮ್ಮನ ವಿಷ್ಯ ಅಂದ್ರೆ ಇವತ್ತು ಬೇಡ, ತಲೆ ಸಿಡೀತಿದೆ" ಎಂದಳು. ಆಮೇಲೆ ತಾನೇ, "ನೀನು ಆ ಆ್ಯಪ್ ಮಾಡದೆ ಇದ್ದಿದ್ರೆ ಇದು ಇನ್ನೂ ಯಾವತ್ತೋ ಆಗಿರೋದು. ಅಷ್ಟಾದ್ರೂ ತಡೀತಲ್ಲ. ನಿನಗೆ ಒಂದು ಸಲವೂ ಥ್ಯಾಂಕ್ಸ್ ಹೇಳಿಲ್ಲ ನಾನು."

ಸೀಟಿ ಊದಿದಳು, ಮಕ್ಕಳು ನೀರಿಗೆ ಹಾರಿದರು. ಎದ್ದು ಬಂದೆ.

ಈ ಥ್ಯಾಂಕ್ಸ್ ಕಳೆದುಕೊಳ್ಳುವುದಕ್ಕೇ ನನಗೆ ಹೆದರಿಕೆ. ನಾಳೆ ಎಲ್ಲ ಹೇಳಿದ ಮೇಲೆ ಇವಳು ನನ್ನ ಮುಖ ಹೇಗೆ ನೋಡುತ್ತಾಳೋ. ನೋಡುತ್ತಾಳೋ ಇಲ್ಲವೋ.

ಮಾರ್ಚ್ 28, ಶನಿವಾರ. 10:50

ಎಲ್ಲರೂ ಹೊರಗಿನ ಕೋಣೆಯಲ್ಲಿದ್ದಾರೆ. ಬಾಮೈದ ಫೈಲ್ ಬಿಚ್ಚಿ ಸಹಿ ಹಾಕುವ ಕಡೆಗಳಲ್ಲೆಲ್ಲ ಹಳದಿ ಚೀಟಿ ಅಂಟಿಸಿಕೊಂಡು ಬಂದಿದ್ದಾನೆ. ಇವಳು ಅಮ್ಮನ ಪಕ್ಕ. ಮಗಳನ್ನು ಗೆಳತಿಯ ಮನೆಗೆ ಕಳಿಸಿದ್ದಾರೆ.

ಹತ್ತು ನಿಮಿಷ ಅಲ್ಲೇ ಕೂತಿದ್ದೆ. ಎರಡು ಸಲ "ಒಂದು ಮಾತು" ಎಂದೆ. ಎರಡು ಸಲವೂ ಬಾಮೈದ ರೂಮಿನ ಅಳತೆ ಹೇಳಿದ. ಅತ್ತೆ ನನ್ನ ಕಡೆ ನೋಡಲೇ ಇಲ್ಲ. ಒಳ್ಳೆಯ ಸೀರೆ ಉಟ್ಟಿದ್ದಾರೆ, ಕೂದಲು ಬಾಚಿದ್ದಾರೆ, ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟು ಕೂತಿದ್ದಾರೆ. ಅವನ ಪೆನ್ ಬರೆಯಲಿಲ್ಲ. ನಾನು ತರ್ತೀನಿ ಎಂದು ಎದ್ದು ಬಂದವನು ಇಲ್ಲಿ ಮೇಜಿನ ಮುಂದೆ ಕೂತು ಬರೆಯುತ್ತಿದ್ದೇನೆ. ಹೇಡಿ.

"ಭಾವ, ಪೆನ್ ಸಿಕ್ತಾ?"

ಸಿಕ್ಕಿದೆ. ಕೈಯಲ್ಲೇ ಇದೆ.

ಅತ್ತೆ ಬಂದಂದಿನಿಂದ ಹನ್ನೆರಡು ವರ್ಷ ಈ ಮನೆಯಲ್ಲಿ ಸುಳ್ಳು ಹೇಳದವರೆಂದರೆ ಅವರೊಬ್ಬರೇ. ಇವಳು ನನ್ನನ್ನು ಬಿಟ್ಟು ಹೋದರೆ ಹೋಗಲಿ. ಇಲ್ಲ, ಹೋಗಬಾರದು. ಆದರೂ.

ಹೆಜ್ಜೆ ಸದ್ದು. ಅತ್ತೆಯೇ ಎದ್ದು ಬಂದಿದ್ದಾರೆ. ಬಾಗಿಲಲ್ಲಿ ನಿಂತಿದ್ದಾರೆ, ಒಂದು ಕೈಯಲ್ಲಿ ಚೌಕಟ್ಟು ಹಿಡಿದು. ಇನ್ನೊಂದು ಕೈ ಚಾಚಿದ್ದಾರೆ, ಪೆನ್ನಿಗೆ. ಅವರ ಹಿಂದೆ ಇವಳೂ ಬಂದಳು — "ಏನೋ ಅದು, ಏನ್ ಬರೀತಿದ್ದೀಯ ಈಗ?"

ಇಲ್ಲ ಅತ್ತೆ. ಪೆನ್ ಕೊಡಲ್ಲ. ಇವಳ ಕೈಗೆ ಈ ಪುಸ್ತಕ